ಡಿಗ್ರಿ ಕಡಿಮಿ ಬಂದ್ರ ನೀರು ಹಾಕಿದಂಗೇನು?

ಬಸವಕಲ್ಯಾಣದ ಮಗ್ಗುಲಲ್ಲೇ ಇರುವ ನಾರಾಯಣಪುರವನ್ನು ಹೊರಗಿನವರು ಚಾಲುಕ್ಯರ ಕಾಲದ ಶಿವಾಲಯದಿಂದ ಗುರುತಿಸ್ತಾರೆ. ನನಗೆ ಮಾತ್ರ ಆ ಊರು ಅಂದ ಕೂಡಲೇ ನೆನಪಾಗೋದು ನಮ್ಮ ಕಾಕುನ ಹಾಲಿನ ಕ್ಯಾನು.

ಕಾಕು ಕಟ್ಟಿದ್ದು ಒಂದೇ ಆಕಳು. ಒಂದು ಮುಂಜಾನೆ ಹಿಂಡಿದ ಹಾಲನ್ನು ಬಿಸಿ ಆರುವ ಮೊದಲೇ ಹಾಕಲು ಹೋದಳು. ಹಾಲು ಅಳೆಯುವ ಹುಡುಗ ಲ್ಯಾಕ್ಟೋಮೀಟರ್ ತೇಲಿಬಿಟ್ಟು, "ಕಾಕು, ಡಿಗ್ರಿ ಬರೀ 25 ಬಂದದ. ನೀರ್ ಬಿದ್ದದ ನೋಡ್ರಿ" ಅಂದ. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ದೇವರಾಣಿ, ಒಂದ್ ಹನಿ ನೀರ್ ಹಾಕಿಲ್ಲಪ್ಪ" ಅಂದ ಕಾಕು ಕ್ಯಾನು ಹೊತ್ತುಕೊಂಡು ಮನೆಗೆ ಬಂದು ಅತ್ತುಬಿಟ್ಟಳು. ಹಾಲಿನ ರೊಕ್ಕಕ್ಕಿಂತ ಆ ಮಾತೇ ಚುಚ್ಚಿತ್ತು.

ನಾನು ಆಗ ಪಿಯುಸಿ ಸೈನ್ಸ್ ಓದ್ತಿದ್ದೆ. ಪುಸ್ತಕದಲ್ಲಿ ಸಾಂದ್ರತೆ ಅಂದ್ರೆ ತೂಕವನ್ನು ಗಾತ್ರದಿಂದ ಭಾಗಿಸೋದು ಅಂತ ಬಾಯಿಪಾಠ ಮಾಡಿದ್ದೆ, ಅಷ್ಟೇ. ಲ್ಯಾಕ್ಟೋಮೀಟರಿನ ಡಿಗ್ರಿಯೂ ಅದೇ ಲೆಕ್ಕ. 28 ಅಂದ್ರೆ, ಒಂದು ಪಾತ್ರೆ ತುಂಬ ನೀರು 1 ಕೆ.ಜಿ. ತೂಗಿದರೆ ಅದೇ ಪಾತ್ರೆ ತುಂಬ ಹಾಲು 1 ಕೆ.ಜಿ. 28 ಗ್ರಾಂ ತೂಗುತ್ತದೆ ಅಂತ. ಹತ್ತರಲ್ಲಿ ಒಂದು ಪಾಲು ನೀರಾದರೆ 28 ಇದ್ದದ್ದು 25ಕ್ಕೆ ಇಳಿಯುತ್ತದೆ.

ಆದರೆ ಬಿಸಿಯಾದರೂ ಅಂಕ ಇಳಿಯುತ್ತದೆ! ಹಾಲು ಕಾದಂತೆ ಹಿಗ್ಗುತ್ತದೆ. ತೂಕ ಅಷ್ಟೇ, ಜಾಗ ಹೆಚ್ಚು. ಮೀಟರಿನ ಮೇಲೆ ಅದು ಯಾವ ಉಷ್ಣತೆಗೆ ಮಾಡಿದ್ದು ಅಂತ ಬರೆದಿರುತ್ತದೆ. ಅದಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಬಿಸಿ ಇದ್ದರೆ ಎರಡು-ಮೂರು ಅಂಕ ಕಡಿಮೆ ತೋರಿಸುತ್ತದೆ. ಆಗತಾನೇ ಹಿಂಡಿದ ಹಾಲಿನ ನೊರೆಯಲ್ಲಿ ಗಾಳಿಯೂ ಸೇರಿರುತ್ತದೆ.

ಮರುದಿನ ಕ್ಯಾನನ್ನು ತಣ್ಣೀರಿನ ಬಕೆಟ್‌ನಲ್ಲಿಟ್ಟು, ಆರಿದ ಮೇಲೆ ಕಾಕುನ ಜೊತೆ ನಾನೂ ಹೋದೆ. ಮೀಟರ್ 28ಕ್ಕೆ ನಿಂತಿತು. ಹುಡುಗ ಏನೂ ಅನ್ನಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡ. ಕಾಕು ಮಾತ್ರ ಸಾಲಿನ ಕಡೆ ತಿರುಗಿ, "ನೋಡಿದ್ರೆಲ್ಲ?" ಅಂದಳು.

ಇನ್ನೊಂದು ಮಾತು. 28 ಬಂತು ಅಂದ ಮಾತ್ರಕ್ಕೆ ಹಾಲು ಚೊಕ್ಕ ಅಂತಲೂ ಅಲ್ಲ. ಕೆನೆ ಹಾಲಿಗಿಂತ ಹಗುರ. ಅದನ್ನು ತೆಗೆದರೆ ಅಂಕ ಏರುತ್ತದೆ, ಆಮೇಲೆ ನೀರು ಹಾಕಿ ಮೊದಲಿನ ಅಂಕಕ್ಕೇ ತರಬಹುದು. ಅದಕ್ಕೇ ಡಿಗ್ರಿಯ ಜೊತೆ ಫ್ಯಾಟ್ ಕೂಡ ನೋಡಬೇಕು.

ಮನೆಯಲ್ಲಿ ಮೀಟರ್ ಇಲ್ಲವೇ? ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದು ಲೀಟರಿನ ಬಾಟಲಿಯನ್ನು ಖಾಲಿ ತೂಗಿ. ಆಮೇಲೆ ಕಂಠದ ತನಕ ನೀರು ತುಂಬಿ ತೂಗಿ. ನೀರು ಚೆಲ್ಲಿ, ಒರೆಸಿ, ಅಷ್ಟೇ ಮಟ್ಟಕ್ಕೆ ಹಾಲು ತುಂಬಿ ತೂಗಿ. ಎರಡರಲ್ಲೂ ಬಾಟಲಿಯ ತೂಕ ಕಳೆದು, ಹಾಲಿನ ತೂಕವನ್ನು ನೀರಿನ ತೂಕದಿಂದ ಭಾಗಿಸಿ. 1.028 ಬಂದರೆ ಡಿಗ್ರಿ 28. ಹಾಲು, ನೀರು ಎರಡೂ ತಣ್ಣಗೆ, ಒಂದೇ ಹದದಲ್ಲಿರಲಿ. ತಕ್ಕಡಿ ಒಂದು ಗ್ರಾಂ ತಪ್ಪಿದರೆ ಒಂದು ಡಿಗ್ರಿ ತಪ್ಪುತ್ತದೆ, ಅದನ್ನೂ ನೆನಪಿಡಿ.

ಇದೇ ತಕ್ಕಡಿಯಲ್ಲಿ ಮುಂದೆ ಕಾಕುನ ಬೆಳ್ಳಿ ಕಡಗವನ್ನೂ ನೋಡಿದೆವು. ಒಣಗಿದ್ದಾಗ 210 ಗ್ರಾಂ. ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು, ಅಂಕ ಸೊನ್ನೆ ಮಾಡಿ, ಕಡಗವನ್ನು ದಾರದಲ್ಲಿ ಹಿಡಿದು ನೀರಲ್ಲಿ ಪೂರ್ತಿ ಮುಳುಗಿಸಿದೆವು. ತಳ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ತಕ್ಕಡಿ 20 ತೋರಿಸಿತು. ಅಂದ್ರೆ ಕಡಗದ ಗಾತ್ರ 20 ಘನ ಸೆಂ.ಮೀ. 210 ಭಾಗಿಸು 20, ಬಂದದ್ದು 10.5. ಬೆಳ್ಳಿಯ ಸಾಂದ್ರತೆಯೂ ಅಷ್ಟೇ. ಜರ್ಮನ್ ಸಿಲ್ವರ್ ಆಗಿದ್ದರೆ ಎಂಟೂವರೆಯ ಆಸುಪಾಸು ಬರುತ್ತಿತ್ತು. ಒಳಗೆ ಪೊಳ್ಳಿದ್ದರೆ, ಅರಗು ತುಂಬಿದ್ದರೆ ಈ ಲೆಕ್ಕ ನಡೆಯೋದಿಲ್ಲ.

ಕಾಕು ಕಡಗ ಒರೆಸಿಟ್ಟು ಅಂದಳು: "ಬೆಳ್ಳಿ ಹೆಂಗರ ಇರಲವ್ವ. ಹಾಲಿಂದು ಮಾತ್ರ ಆರಿಸಿ ಅಳೀರಿ ಅಂತ ಎಲ್ಲಾರಿಗೂ ಹೇಳು."

ಹೇಳಿದ್ದೇನೆ.