ಹುಡುಕುವ ಹೊತ್ತು ಉಳಿಸೋಣ: ಕಾಗದ ಕಲೆಯ ಡೈಗಳ ಜೋಪಾನ

ಚಕ್ಕುಲಿ ಒರಳಿನ ಬಿಲ್ಲೆ ಬೇಕಾದ ಹೊತ್ತಿಗೆ ಸಿಗುವುದಿಲ್ಲ ಎಂಬುದು ಎಲ್ಲ ಮನೆಗಳ ಅನುಭವ. ಒರಳು ಅಟ್ಟದಲ್ಲಿ ಇರುತ್ತದೆ, ನಕ್ಷತ್ರದ ಬಿಲ್ಲೆ ಮಾತ್ರ ಎಲ್ಲೋ ಸೇರಿಕೊಂಡಿರುತ್ತದೆ. ಹಿಟ್ಟು ಕಲಸಿಟ್ಟು ಮನೆಯವರೆಲ್ಲ ಹುಡುಕಬೇಕು. ಈಗ ಇದೇ ತಾಪತ್ರಯ ಕಾಗದದ ಕುಶಲ ಕಲೆಯಲ್ಲಿ ತೊಡಗಿರುವ ಹೆಣ್ಣು ಮಕ್ಕಳಿಗೂ ಬಂದಿದೆ. ಅವರು ಹುಡುಕುವುದು ಚಕ್ಕುಲಿ ಬಿಲ್ಲೆಯನ್ನಲ್ಲ, ಕಾಗದ ಕತ್ತರಿಸುವ ಲೋಹದ ಡೈಯನ್ನು.

ಈದಿ ಹಣ ಹಾಕಿಕೊಡುವ ಚಂದದ ಕವರುಗಳು, ನಿಕಾಹ್‌ನ ಕೈಕಸುಬಿನ ಕಾರ್ಡುಗಳು, ಖರ್ಜೂರ ಅಥವಾ ಸಿಹಿ ಹಂಚುವ ಪುಟ್ಟ ಪೆಟ್ಟಿಗೆಗಳು, ಶಾಲೆಯ ಗೋಡೆಗೆ ಅಂಟಿಸುವ ಅಕ್ಷರಗಳು - ಇವನ್ನೆಲ್ಲ ಮನೆಯಲ್ಲೇ ಕುಳಿತು ಮಾಡಿ ನಾಲ್ಕು ಕಾಸು ಸಂಪಾದಿಸುವ ಸಹೋದರಿಯರು ಇದ್ದಾರೆ. ಅವರ ಬಂಡವಾಳದ ದೊಡ್ಡ ಪಾಲು ಈ ಡೈಗಳಲ್ಲೇ ಇರುತ್ತದೆ. ಒಂದೊಂದಕ್ಕೂ ನೂರಾರು ರೂಪಾಯಿ ಕೊಡಬೇಕು. ಹೊರದೇಶದಿಂದ ಬಂದದ್ದಾದರೆ ಬೆಲೆ ಇನ್ನೂ ಹೆಚ್ಚು. ಇಷ್ಟು ಹಣ ಹಾಕಿ ತಂದ ವಸ್ತು ಪೆಟ್ಟಿಗೆಯ ತಳದಲ್ಲಿ ಸೊಟ್ಟಗಾಗಿ, ತುಕ್ಕು ಹಿಡಿದು ಬಿದ್ದಿದ್ದರೆ ಅದು ನಷ್ಟವಲ್ಲದೆ ಇನ್ನೇನು? ಇದ್ದದ್ದು ಕಣ್ಣಿಗೆ ಬೀಳದೆ ಅದನ್ನೇ ಮತ್ತೊಮ್ಮೆ ಕೊಂಡುಕೊಂಡರೆ ಅದು ದುಂದುವೆಚ್ಚವೂ ಹೌದು.

ಡೈ ಎಂದರೇನು?

ಮದುವೆ ಕಾರ್ಡು, ಸಿಹಿತಿಂಡಿಯ ಪೆಟ್ಟಿಗೆ ತಯಾರಿಸುವ ಮುದ್ರಣಾಲಯಗಳಲ್ಲಿ ‘ಡೈ ಪಂಚಿಂಗ್’ ಎಂಬ ಮಾತು ಕೇಳಿರಬಹುದು. ಪ್ಲೈವುಡ್ ಹಲಗೆಯಲ್ಲಿ ಉಕ್ಕಿನ ಪಟ್ಟಿಯ ಅಲಗನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಕೂರಿಸಿ, ಅದನ್ನು ಕಾಗದದ ಮೇಲೆ ಒತ್ತಿ ಕತ್ತರಿಸುವ ಕೆಲಸವದು. ಅದರದೇ ಮನೆಬಳಕೆಯ ರೂಪ ಈ ಪುಟ್ಟ ಡೈ.

ಇದು ಬೆಳೆದು ಬಂದದ್ದು ಅಮೆರಿಕದಲ್ಲಿ. 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಎಲಿಸನ್ ಎಂಬ ಸಂಸ್ಥೆ ಶಾಲೆಗಳಿಗೆಂದು ಕಾಗದದ ಅಕ್ಷರ ಕತ್ತರಿಸುವ ಯಂತ್ರಗಳನ್ನು ಮಾಡಿಕೊಟ್ಟಿತು. ಅದೇ ಸಂಸ್ಥೆ 2001ರಲ್ಲಿ ‘ಸಿಝಿಕ್ಸ್’ ಎಂಬ ಹೆಸರಿನಲ್ಲಿ ಮನೆಯ ಮೇಜಿನ ಮೇಲೆ ಇಟ್ಟುಕೊಳ್ಳಬಹುದಾದ ಯಂತ್ರವನ್ನು ತಂದಿತು. ಆ ಬಳಿಕ ಹಲವು ಕಂಪೆನಿಗಳು ಇದೇ ದಾರಿ ಹಿಡಿದವು.

ಯಂತ್ರದಲ್ಲಿ ಎರಡು ಉರುಳೆಗಳಿರುತ್ತವೆ. ಪಾರದರ್ಶಕ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ದಪ್ಪ ಕಾಗದ, ಅದರ ಮೇಲೆ ಅಲಗು ಕೆಳಮುಖವಾದ ಡೈ, ಮತ್ತೆ ಒಂದು ಹಲಗೆ - ಹೀಗೆ ಅಡುಕಿ ಹಿಡಿಕೆ ತಿರುಗಿಸಿದರೆ ಎಲ್ಲವೂ ಉರುಳೆಗಳ ನಡುವೆ ನುಸುಳಿ ಆಚೆ ಬರುತ್ತದೆ. ಕಾಗದ ಅಚ್ಚುಕಟ್ಟಾಗಿ ಕತ್ತರಿಸಿರುತ್ತದೆ. ವಿದ್ಯುತ್ ಬೇಡ. ಡೈಗಳಲ್ಲಿ ಎರಡು ಬಗೆ. ಒಂದು, ಬಿಸ್ಕತ್ತಿಗಿಂತಲೂ ತೆಳುವಾದ ಬರಿಯ ಲೋಹದ್ದು. ಇನ್ನೊಂದು, ಮರ ಅಥವಾ ಪ್ಲಾಸ್ಟಿಕ್ ಹಲಗೆಯಲ್ಲಿ ಅಲಗು ಕೂರಿಸಿ ಸುತ್ತ ಸ್ಪಂಜು ಅಂಟಿಸಿದ ದಪ್ಪನೆಯದು. ಇವೆರಡನ್ನೂ ಇಡುವ ಕ್ರಮ ಬೇರೆ ಬೇರೆ.

ಮೊದಲು ಲೆಕ್ಕ, ಆಮೇಲೆ ಡಬ್ಬಿ

ಹೆಚ್ಚಿನವರು ಮಾಡುವುದು ತಿರುವುಮುರುವು. ಮೊದಲು ಅಂಗಡಿಗೆ ಹೋಗಿ ಚಂದದ ಡಬ್ಬಿಗಳನ್ನು ತರುತ್ತಾರೆ, ಬಳಿಕ ಡೈಗಳು ಅದರಲ್ಲಿ ಹಿಡಿಸುವುದಿಲ್ಲ. ಒಂದು ಬಿಡುವಿನ ಮಧ್ಯಾಹ್ನ ನೆಲದ ಮೇಲೆ ಬಿಳಿ ಹಾಸು ಹರಡಿ ಮನೆಯಲ್ಲಿರುವ ಎಲ್ಲ ಡೈಗಳನ್ನೂ ಅದರ ಮೇಲೆ ಸುರಿಯಿರಿ. ಬಿಳಿ ಬಟ್ಟೆಯಾದರೆ ಕಡಲೆಕಾಳಿನಷ್ಟಿರುವ ಹೂವಿನ ಡೈ ಕೂಡ ಕಣ್ಣು ತಪ್ಪಿಸಲಾರದು.

ತೆಳು ಡೈ, ದಪ್ಪ ಡೈ ಬೇರೆ ಮಾಡಿ. ಒಂದರೊಳಗೊಂದು ಕೂರುವ ವೃತ್ತ, ಚೌಕಗಳ ಸರಣಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಯಾವುದು ಕಳೆದಿದೆ ನೋಡಿ. ಹೊಸ ಡೈಗಳು ಕೆಲವೊಮ್ಮೆ ಸಣ್ಣ ತಂತಿಗಳಿಂದ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಅವನ್ನು ಕೈಯಿಂದ ಎಳೆದು ಮುರಿಯಬೇಡಿ, ಡೈ ಬಾಗುತ್ತದೆ. ತಂತಿ ಕತ್ತರಿಸುವ ಇಕ್ಕಳದಿಂದ ತುಂಡರಿಸಿ, ಉಳಿದ ಮೊನೆಯನ್ನು ಅರದಿಂದ ಉಜ್ಜಿ. ರಂಧ್ರಗಳಲ್ಲಿ ಸಿಕ್ಕಿಕೊಂಡಿರುವ ಕಾಗದದ ಚೂರುಗಳನ್ನು ಸೂಜಿ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯಿರಿ. ಕಾಗದ ತೇವವನ್ನು ಹೀರುವ ವಸ್ತು. ಅದು ಲೋಹಕ್ಕೆ ಅಂಟಿಕೊಂಡಿದ್ದರೆ ತುಕ್ಕಿಗೆ ನಾವೇ ಬಾಗಿಲು ತೆರೆದಂತೆ.

ಮಾದರಿ ಪುಸ್ತಕ

ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ದಾಖಲೆ ವಹಿ ಇರುವಂತೆ ಡೈಗಳಿಗೂ ಒಂದು ವಹಿ ಬೇಕು. ಒಂದು ಉದ್ದನೆಯ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಡೈಯಿಂದ ಒಂದು ಆಕಾರ ಕತ್ತರಿಸಿ ಅಂಟಿಸಿ. ಹಳೆಯ ಮದುವೆ ಕಾರ್ಡುಗಳ ದಪ್ಪ ಕಾಗದ ಇದಕ್ಕೆ ಸಾಕು, ಹೊಸದು ಬೇಡ. ಪಕ್ಕದಲ್ಲಿ ಕ್ರಮಸಂಖ್ಯೆ, ಸೆಂಟಿಮೀಟರಿನಲ್ಲಿ ಉದ್ದ ಅಗಲ, ಒಟ್ಟು ಎಷ್ಟು ತುಂಡುಗಳ ಸರಣಿ, ಕೊಂಡ ಬೆಲೆ, ಯಾವ ಪೆಟ್ಟಿಗೆಯಲ್ಲಿದೆ ಎಂಬುದನ್ನು ಬರೆಯಿರಿ.

ಇದರ ಲಾಭ ಒಂದೆರಡಲ್ಲ. ಗಿರಾಕಿ ಮನೆಗೆ ಬಂದಾಗ ಡೈಗಳನ್ನೆಲ್ಲ ಹರಡುವ ಬದಲು ಪುಸ್ತಕ ಮುಂದಿಟ್ಟರಾಯಿತು. ಅವರಿಗೆ ಬೇಕಾದದ್ದು ಲೋಹದ ಚೂರಲ್ಲ, ಅದರಿಂದ ಬರುವ ಆಕಾರ. ಪುಟಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಹೊಸದನ್ನು ಕೊಳ್ಳುವ ಮುನ್ನ ಇದ್ದದ್ದನ್ನು ನೋಡಬಹುದು. ಬೆಲೆ ಬರೆದಿಟ್ಟಿರುವುದರಿಂದ ಒಂದು ಕಾರ್ಡಿಗೆ ಎಷ್ಟು ಕೇಳಬೇಕೆಂಬ ಲೆಕ್ಕವೂ ಸಿಗುತ್ತದೆ. ಮನೆಯಲ್ಲಿ ಮಾಡಿದ್ದೆಂದು ಕಾಗದದ ಬೆಲೆಯನ್ನಷ್ಟೇ ಹಿಡಿದು ಮಾರುವ ಸಹೋದರಿಯರು ಇದನ್ನು ಗಮನಿಸಬೇಕು.

ಗುಂಪು ಮಾಡುವ ಬಗೆ

ಹಬ್ಬಕ್ಕೊಂದು, ಮದುವೆಗೊಂದು, ಮಗುವಿನ ಅಖೀಖಾಕ್ಕೊಂದು ಎಂದು ಸಂದರ್ಭದ ಮೇಲೆ ಗುಂಪು ಮಾಡುವುದು ಮೊದಲ ನೋಟಕ್ಕೆ ಸರಿ ಎನಿಸುತ್ತದೆ. ಆದರೆ ಎಲೆಯ ಡೈ ಮೂರಕ್ಕೂ ಬೇಕು. ಅದನ್ನು ಯಾವ ಗುಂಪಿಗೆ ಹಾಕುವುದು? ಆದ್ದರಿಂದ ಆಕಾರ ಮತ್ತು ಕೆಲಸದ ಮೇಲೆ ಗುಂಪು ಮಾಡುವುದು ಒಳ್ಳೆಯದು: ಚೌಕಟ್ಟು ಮತ್ತು ಹಿನ್ನೆಲೆ, ಅಂಚು ಪಟ್ಟಿ, ಹೂ ಮತ್ತು ಎಲೆ, ಅಕ್ಷರ ಮತ್ತು ಅಂಕಿ, ಕವರು ಮತ್ತು ಪೆಟ್ಟಿಗೆ. ಚಂದ್ರ, ನಕ್ಷತ್ರ, ಕಂದೀಲು, ಕಮಾನು, ಜಾಲಿ - ಇವುಗಳಿಗೆ ಪ್ರತ್ಯೇಕ ಗುಂಪು ಇರಲಿ. ಏಕೆಂದರೆ ರಂಝಾನ್ ಬಂದಾಗ ಇವೆಲ್ಲ ಒಟ್ಟಿಗೇ ಬೇಕಾಗುತ್ತವೆ. ಗುಂಪುಗಳು 6 ಅಥವಾ 7ಕ್ಕಿಂತ ಹೆಚ್ಚಾಗದಿರಲಿ. ಹೆಚ್ಚಾದರೆ ಗುಂಪಿನ ಹೆಸರೇ ಮರೆತುಹೋಗುತ್ತದೆ.

ಅಯಸ್ಕಾಂತದ ಹಾಳೆ

ತೆಳು ಡೈಗಳನ್ನು ಇಡಲು ಬಹಳ ಮಂದಿ ಒಪ್ಪಿರುವ ವಿಧಾನ ಅಯಸ್ಕಾಂತದ ಹಾಳೆ. ರಬ್ಬರಿನಂತೆ ಬಾಗುವ ಈ ಹಾಳೆ ವಾಹನಗಳ ಸ್ಟಿಕ್ಕರು, ನಾಮಫಲಕ ಮಾಡುವವರಲ್ಲೂ ಆನ್‌ಲೈನ್ ಅಂಗಡಿಗಳಲ್ಲೂ ಸಿಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ್ದಾದರೆ ಸಾಮಾನ್ಯ ಡೈಗಳಿಗೆ ಸಾಕು. ಕತ್ತರಿಯಿಂದಲೇ ಕತ್ತರಿಸಬಹುದು. ಹಾಳೆಯ ಒಂದು ಬದಿಯ ಸೆಳೆತ ಹೆಚ್ಚು, ಇನ್ನೊಂದು ಬದಿಯದು ಕಡಿಮೆ ಇರುತ್ತದೆ. ಡೈ ಇಟ್ಟು ನೋಡಿ ಗಟ್ಟಿಯಾಗಿ ಹಿಡಿಯುವ ಬದಿಯನ್ನೇ ಬಳಸಿ.

ಕೊಳ್ಳುವ ಮುನ್ನ ಒಂದು ಪರೀಕ್ಷೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಪುಟ್ಟ ಅಯಸ್ಕಾಂತವನ್ನು ನಿಮ್ಮ ಡೈಗಳಿಗೆ ಮುಟ್ಟಿಸಿ. ಸಾಮಾನ್ಯ ಉಕ್ಕಿನ ಡೈಗಳು ಹಿಡಿದುಕೊಳ್ಳುತ್ತವೆ. ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಬಗೆಗಳು ಹಿಡಿಯುವುದಿಲ್ಲ. ಅಂಥವಕ್ಕೆ ಪ್ಲಾಸ್ಟಿಕ್ ಕವರು ಮಾತ್ರ ಸಾಕು.

ಹಾಳೆಯನ್ನು 5 ಇಂಚು ಅಗಲ, 7 ಇಂಚು ಉದ್ದಕ್ಕೆ ಕತ್ತರಿಸಿ. ಒಂದು ಸರಣಿಗೆ ಒಂದು ಹಾಳೆ. ಡೈಯ ಚಪ್ಪಟೆ ಬೆನ್ನು ಅಯಸ್ಕಾಂತಕ್ಕೆ ಅಂಟಲಿ, ಅಲಗಿನ ಬದಿ ಮೇಲಿರಲಿ. ಹಿಡಿತವೂ ಗಟ್ಟಿ, ಅಲಗೂ ಸವೆಯದು. ಹಾಳೆಯನ್ನು ಪಾರದರ್ಶಕ ಕವರಿನೊಳಗೆ ಇಳಿಸಿ ಮೇಲಂಚಿನಲ್ಲಿ ಹೆಸರು, ಕ್ರಮಸಂಖ್ಯೆಯ ಚೀಟಿ ಅಂಟಿಸಿ. ಕವರುಗಳನ್ನು ಉದ್ದನೆಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಅಡಿಯದ್ದನ್ನು ತೆಗೆಯಲು ಎಲ್ಲವನ್ನೂ ಎತ್ತಬೇಕು. ನಿಲ್ಲಿಸಿಟ್ಟರೆ ಬೆರಳಿನಿಂದ ಸರಿಸುತ್ತಾ ಹೋಗಬಹುದು. ಹಾಳೆಗಳು ಕೂಡಿದರೆ ಬಹಳ ಭಾರ. ಬುಟ್ಟಿಯನ್ನು ಅಟ್ಟದ ಮೇಲೆ ಇಡದೆ ಕೆಳಗಿನ ಕಪಾಟಿನಲ್ಲಿಡಿ.

ಚೀಟಿ ಬರೆಯುವುದು ಅನಗತ್ಯ ಕೆಲಸ ಎಂದು ತಿಳಿಯಬೇಡಿ. ಅಲಗು ಮೇಲ್ಮುಖವಾಗಿ ಇಟ್ಟಾಗ ಆಕಾರವು ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತದೆ. ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರ ‘ಡಿ’ಯಂತೆ ಕಾಣುತ್ತದೆ. ಉರ್ದು ಬರಹವಂತೂ ಎಡದಿಂದ ಬಲಕ್ಕೆ ಓಡಿದಂತಿರುತ್ತದೆ. ಚೀಟಿ ಇದ್ದರೆ ಗೊಂದಲವಿಲ್ಲ. ಕನ್ನಡವೋ ಉರ್ದುವೋ ಇಂಗ್ಲಿಷೋ, ಮನೆಯಲ್ಲಿ ಈ ಕೆಲಸ ಮಾಡುವ ಎಲ್ಲರಿಗೂ ಓದಲು ಬರುವ ಲಿಪಿಯಲ್ಲಿ ಬರೆಯಿರಿ.

ಕೈಗೆಟಕುವ ಬೇರೆ ದಾರಿಗಳು

ಅಯಸ್ಕಾಂತದ ಹಾಳೆ ದುಬಾರಿ ಎನಿಸಿದರೆ ಹತ್ತಾರು ಹಾಳೆ ಒಮ್ಮೆಲೇ ಬೇಕಿಲ್ಲ. ಚಿಲ್ಲರೆ ಡೈಗಳಿಗೆ ಮಾತ್ರ ಹಾಳೆ, ದೊಡ್ಡವಕ್ಕೆ ಬರಿಯ ಕವರು ಎಂದು ಮಾಡಬಹುದು. ಈಗ ಯಾರೂ ಬಳಸದ ಸಿ.ಡಿ. ಡಬ್ಬಿಗಳು ಎಷ್ಟೋ ಮನೆಗಳಲ್ಲಿ ಇವೆ. ಅವುಗಳೊಳಗೆ ಒಂದು ತುಂಡು ಹಾಳೆ ಅಂಟಿಸಿದರೆ ಪುಟ್ಟ ಡೈಗಳಿಗೆ ಒಳ್ಳೆಯ ಮನೆ. ಚಪ್ಪಟೆಯಾದ ತಗಡಿನ ಬಿಸ್ಕತ್ತು ಡಬ್ಬಿಯೂ ಆದೀತು. ಎರಡು ರಿಂಗಿನ ಫೈಲಿನಲ್ಲಿ ಹಾಳೆಗಳನ್ನು ಪುಟಗಳಂತೆ ಪೋಣಿಸುವವರೂ ಇದ್ದಾರೆ. ತಿರುವಿ ನೋಡಲು ಚಂದ, ಆದರೆ ಇಪ್ಪತ್ತು ಪುಟ ದಾಟಿದರೆ ಫೈಲು ಭಾರಕ್ಕೆ ಬಾಯಿ ಬಿಡುತ್ತದೆ.

ದಪ್ಪ ಡೈಗಳನ್ನು ಪುಸ್ತಕದಂತೆ ಕಪಾಟಿನಲ್ಲಿ ನಿಲ್ಲಿಸಿ, ಬೆನ್ನಿನ ಮೇಲೆ ಹೆಸರು ಬರೆಯಿರಿ. ಒಂದರ ಮೇಲೊಂದು ಹೇರಿದರೆ ಅವುಗಳ ಸ್ಪಂಜು ಅಪ್ಪಚ್ಚಿಯಾಗುತ್ತದೆ. ಕತ್ತರಿಸಿದ ಕಾಗದವನ್ನು ಮೇಲೆ ಎತ್ತಿ ಕೊಡುವುದು ಆ ಸ್ಪಂಜೇ.

ನುಖ್ತಾಗಳನ್ನು ಮರೆಯಬೇಡಿ

ಉರ್ದುವಿನಲ್ಲಿ ‘ಈದ್ ಮುಬಾರಕ್’ ಎಂದು ಕತ್ತರಿಸುವ ಡೈ ನಮ್ಮವರಿಗೆ ಬಹಳ ಬೇಕಾದದ್ದು. ಅದರಲ್ಲಿ ‘ಯೇ’ ಅಕ್ಷರಕ್ಕೆ ಎರಡು, ‘ಬೇ’ ಅಕ್ಷರಕ್ಕೆ ಒಂದು, ಒಟ್ಟು ಮೂರು ಚುಕ್ಕೆಗಳು. ಕತ್ತರಿಸಿದಾಗ ಇವು ಬೇರೆಯಾಗಿ ಸಾಸಿವೆಯಂತೆ ಉದುರುತ್ತವೆ. ಚುಕ್ಕೆ ತಪ್ಪಿದರೆ ಅಕ್ಷರವೇ ಬದಲಾಗುತ್ತದೆ ಎಂಬುದು ಮಕ್ಕಳಿಗೆ ಕಾಯಿದಾ ಓದಿಸಿದವರಿಗೆಲ್ಲ ಗೊತ್ತು. ಆ ಡೈಯ ಕವರಿನಲ್ಲೇ ಒಂದು ಸಣ್ಣ ಜಿಪ್ ಚೀಲ ಇಟ್ಟು ಹೆಚ್ಚುವರಿ ಚುಕ್ಕೆಗಳನ್ನು ಕೂಡಿಟ್ಟುಕೊಳ್ಳಿ. ಚುಕ್ಕೆಗಳಿಗೆ ಬೇರೆ ಡೈ ಇದ್ದರೆ ಅದನ್ನೂ ಅದೇ ಹಾಳೆಯಲ್ಲಿ ಇಡಿ.

ಮಳೆಗಾಲ

ಕರಾವಳಿ, ಮಲೆನಾಡಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಕ್ಕಿನ ಕಾಟ. ಒದ್ದೆ ಕೈಯಲ್ಲಿ, ಬೆವರು ಕೈಯಲ್ಲಿ ಡೈ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ. ಬುಟ್ಟಿಯ ಬದಲು ಬಿಗಿ ಮುಚ್ಚಳದ ಡಬ್ಬಿ ಬಳಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ. ಹೊಸ ಚಪ್ಪಲಿ, ಚೀಲಗಳ ಜೊತೆ ಬರುವ ಪೊಟ್ಟಣ ಬಹಳ ಕಾಲ ಗಾಳಿಗೆ ತೆರೆದಿದ್ದರೆ ಅದಾಗಲೇ ತೇವ ಕುಡಿದು ನಿಷ್ಪ್ರಯೋಜಕವಾಗಿರುತ್ತದೆ, ಹೊಸದನ್ನೇ ಹಾಕಿ. ಗೋಡೆಗೆ ತಾಗಿದ ಕಪಾಟಿನಲ್ಲಿ ತೇವ ಹೆಚ್ಚು, ಅಲ್ಲಿ ಇಡಬೇಡಿ.

ತುಕ್ಕಿನ ಚುಕ್ಕೆ ಕಂಡರೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿಯನ್ನು ಬಟ್ಟೆಗೆ ಹಾಕಿ ಉಜ್ಜಿ, ಚೆನ್ನಾಗಿ ಒರೆಸಿ ತೆಗೆಯಿರಿ. ಬಳಿಕ ಎರಡು ಮೂರು ಸಲ ರದ್ದಿ ಕಾಗದ ಕತ್ತರಿಸಿ. ಇಲ್ಲದಿದ್ದರೆ ಗಿರಾಕಿಯ ಬಿಳಿ ಕಾರ್ಡಿನ ಮೇಲೆ ಎಣ್ಣೆಯ ಕಲೆ ಕೂತೀತು.

ಪುಟ್ಟ ಮಕ್ಕಳಿರುವ ಮನೆಯಲ್ಲಿ

ಇದು ಎಲ್ಲಕ್ಕಿಂತ ಮುಖ್ಯ. ಡೈ ಹಿಡಿದಿಡಲು ಕೆಲವರು ಹುಣಸೆಬೀಜದಷ್ಟು ಚಿಕ್ಕ, ಬಹಳ ಸೆಳೆತದ ಗುಂಡಿ ಅಯಸ್ಕಾಂತಗಳನ್ನು ಬಳಸುತ್ತಾರೆ. ತೆವಳುವ, ಓಡಾಡುವ ಮಕ್ಕಳಿದ್ದರೆ ಅವು ಮನೆಯಲ್ಲೇ ಬೇಡ. ಮಗು ಅಂಥ ಎರಡನ್ನು ನುಂಗಿದರೆ ಅವು ಕರುಳಿನ ಬೇರೆ ಬೇರೆ ಸುರುಳಿಗಳಿಂದ ಒಂದನ್ನೊಂದು ಸೆಳೆದು, ನಡುವೆ ಸಿಕ್ಕ ಕರುಳಿನ ಗೋಡೆಯನ್ನು ತೂತು ಮಾಡಬಲ್ಲವು. ನುಂಗಿದ ಅನುಮಾನ ಬಂದರೂ ಕಾಯದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಬಾಗುವ ಹಾಳೆಯ ಅಯಸ್ಕಾಂತದಲ್ಲಿ ಈ ಅಪಾಯ ಕಡಿಮೆ. ಆದರೂ ಸಣ್ಣ ಡೈಗಳು ಗಂಟಲಲ್ಲಿ ಸಿಕ್ಕಬಹುದು. ಡಬ್ಬಿಗೆ ಚಿಲಕವಿರಲಿ, ಕಪಾಟಿಗೆ ಬೀಗವಿರಲಿ. ಬ್ಯಾಂಕಿನ ಕಾರ್ಡುಗಳನ್ನೂ ಅಯಸ್ಕಾಂತದ ಹತ್ತಿರ ಇಡಬೇಡಿ, ಅವುಗಳ ಹಿಂದಿನ ಕಪ್ಪು ಪಟ್ಟಿ ಕೆಡಬಹುದು.

ತೆಗೆದ ಕಡೆಗೇ ಮರಳಿಸುವ ಅಭ್ಯಾಸ

ಎಷ್ಟೇ ಚೆನ್ನಾಗಿ ಜೋಡಿಸಿದರೂ ಕೆಲಸದ ಗಡಿಬಿಡಿಯಲ್ಲಿ ಅದು ಕಲಸಿಹೋಗುತ್ತದೆ. ಅದಕ್ಕೆ ಉಪಾಯ, ಮೇಜಿನ ಮೂಲೆಯಲ್ಲಿ ಒಂದು ಸ್ಟೀಲ್ ತಟ್ಟೆ. ಬಳಸಿದ ಡೈ ಅಲ್ಲಿಗೇ ಬೀಳಲಿ. ಖಾಲಿಯಾದ ಕವರು ಬುಟ್ಟಿಯಲ್ಲಿ ಅಡ್ಡಲಾಗಿ ನಿಂತಿರಲಿ. ಏಳುವ ಮುನ್ನ ತಟ್ಟೆ ಬರಿದಾಗಬೇಕು, ಅಡ್ಡ ನಿಂತ ಕವರು ಒಂದೂ ಉಳಿಯಬಾರದು. ಐದು ನಿಮಿಷದ ಕೆಲಸ. ನೆರೆಯವರಿಗೆ ಎರವಲು ಕೊಟ್ಟರೆ ಮಾದರಿ ಪುಸ್ತಕದಲ್ಲಿ ಹೆಸರು, ತಾರೀಕು ಬರೆದಿಡಿ. ಕೇಳಲು ಸಂಕೋಚಪಟ್ಟು ಡೈಯನ್ನೂ ಸ್ನೇಹವನ್ನೂ ಕಳೆದುಕೊಳ್ಳುವುದಕ್ಕಿಂತ ಬರೆದಿಡುವುದು ಲೇಸು.

ನಮ್ಮ ಪರಿಚಯದ ಮನೆಯೊಂದರಲ್ಲಿ ದೊಡ್ಡ ಮಗಳು ಕಾರ್ಡು, ಕವರು ಮಾಡಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಮದುವೆಯಾಗಿ ಗಂಡನೊಂದಿಗೆ ಕೊಲ್ಲಿ ನಾಡಿಗೆ ಹೊರಟಾಗ ಯಂತ್ರವನ್ನೂ ಡೈಗಳನ್ನೂ ತಂಗಿಗೆ ಬಿಟ್ಟುಹೋದಳು. ತಂಗಿ ಅದುವರೆಗೆ ಹಿಡಿಕೆ ತಿರುಗಿಸಿದವಳಲ್ಲ. ಆದರೆ ಅಕ್ಕನ ಮಾದರಿ ಪುಸ್ತಕ ಇತ್ತು, ಪ್ರತಿ ಕವರಿನ ಮೇಲೆ ಚೀಟಿ ಇತ್ತು. ಆ ವರ್ಷದ ಈದ್‌ಗೆ ಬಂದ ಬೇಡಿಕೆಗಳನ್ನು ಅವಳು ಒಬ್ಬಳೇ ಮುಗಿಸಿಕೊಟ್ಟಳು.

ಸಹೋದರಿಯರೇ, ಇಂದೇ ಎಲ್ಲವನ್ನೂ ಮಾಡಿ ಮುಗಿಸಬೇಕೆಂದಿಲ್ಲ. ಈ ವಾರ ಲೆಕ್ಕ, ಮುಂದಿನ ವಾರ ಮಾದರಿ ಪುಸ್ತಕ, ಅದರ ಮುಂದಿನ ವಾರ ಹಾಳೆ ಮತ್ತು ಕವರು. ರಂಝಾನ್‌ಗೆ ಎರಡು ತಿಂಗಳು ಇರುವಾಗಲೇ ಆರಂಭಿಸಿದರೆ ಕೊನೆಯ ಹತ್ತು ರಾತ್ರಿಗಳು ಡೈ ಹುಡುಕುವುದರಲ್ಲಿ ಕಳೆದುಹೋಗಲಾರವು.