ಯಾವ ನಾಡಿನ ಕವಿ?

ಕಾಫ್ಕನ ಕಥೆಗಳನ್ನು ಯಾವ ದೇಶದ ಸಾಹಿತ್ಯವೆಂದು ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕು? ಆತ ಜನಿಸಿದುದು ೧೮೮೩ರಲ್ಲಿ, ಪ್ರಾಗ್ ನಗರದ ಯಹೂದಿ ಮನೆತನದಲ್ಲಿ. ಅಂದು ಆ ನಗರ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದಿತು. ೧೯೧೮ರಲ್ಲಿ ಜೆಕೊಸ್ಲೊವಾಕಿಯದ ರಾಜಧಾನಿಯಾಯಿತು. ಆತ ಬರೆದುದಾದರೋ ಜರ್ಮನ್ ಭಾಷೆಯಲ್ಲಿ. ಜರ್ಮನ್ ಸಾಹಿತ್ಯದ ಅಧ್ಯಾಪಕನಿಗೆ ಈ ತೊಡಕು ಇಂದು ನಿನ್ನೆಯದಲ್ಲ.

ರಾಷ್ಟ್ರ ಮೊದಲು, ರಾಷ್ಟ್ರೀಯ ಸಾಹಿತ್ಯ ಅನಂತರ ಎಂಬುದು ನಮ್ಮ ಸಾಮಾನ್ಯ ಎಣಿಕೆ. ಜರ್ಮನಿಯಲ್ಲಿ ನಡೆದುದು ಇದಕ್ಕೆ ವಿಪರೀತ. ಹಲವು ಸಂಸ್ಥಾನಗಳಾಗಿ ಹಂಚಿಹೋಗಿದ್ದ ಆ ನಾಡು ಒಂದು ಸಾಮ್ರಾಜ್ಯವಾದುದು ೧೮೭೧ರಲ್ಲಿ. ಗೆರ್ವಿನುಸ್ ಎಂಬ ವಿದ್ವಾಂಸನು ಜರ್ಮನರ ‘ರಾಷ್ಟ್ರೀಯ ಸಾಹಿತ್ಯ’ದ ಚರಿತ್ರೆಯನ್ನು ೧೮೩೫ರಲ್ಲಿಯೇ ಪ್ರಕಟಿಸತೊಡಗಿದ್ದನು. ಭೂಪಟದಲ್ಲಿ ಕಾಣದ ಐಕ್ಯವನ್ನು ಕಾವ್ಯದಲ್ಲಾದರೂ ಕಾಣಬೇಕೆಂಬ ಹಂಬಲ ಅದು. ಆ ಹಂಬಲದಲ್ಲಿ ದೋಷವೇನಿದೆ?

ಆದರೆ ಕೂಡಿಸಲೆಂದು ಹುಟ್ಟಿದ ಮಾತು ಕಾಲಕ್ರಮದಲ್ಲಿ ಹೊರದೂಡುವ ಆಯುಧವಾಯಿತು. ೧೯೩೩ನೆಯ ಮೇ ೧೦ರಂದು ಬರ್ಲಿನ್ನಿನಲ್ಲಿಯೂ ಇತರ ವಿಶ್ವವಿದ್ಯಾನಿಲಯ ನಗರಗಳಲ್ಲಿಯೂ ವಿದ್ಯಾರ್ಥಿಗಳೇ ಗ್ರಂಥಗಳನ್ನು ರಾಶಿಯೊಟ್ಟಿ ಬೆಂಕಿಯಿಟ್ಟರು. ಜರ್ಮನ್ ಚೇತನಕ್ಕೆ ಹೊರತಾದವು ಎಂಬುದೇ ಅವುಗಳ ಮೇಲಿನ ಆರೋಪ. ಬಾನ್ ನಗರದಲ್ಲಿ ಆ ಬೆಂಕಿಯ ಮುಂದೆ ನಿಂತು ಭಾಷಣ ಮಾಡಿದವರಲ್ಲಿ ಜರ್ಮನ್ ಸಾಹಿತ್ಯದ ಪ್ರಾಧ್ಯಾಪಕರೊಬ್ಬರೂ ಇದ್ದರು! ಗುರುವೇ ಹೀಗಾದರೆ ಶಿಷ್ಯನ ಗತಿಯೇನು? ಈ ಕಳಂಕವನ್ನು ಜರ್ಮನ್ ವಿದ್ವಾಂಸರು ಬಹಿರಂಗವಾಗಿ ವಿಮರ್ಶಿಸಿದುದು ೧೯೬೬ರ ಮ್ಯೂನಿಕ್ ಸಮ್ಮೇಳನದಲ್ಲಿ.

ಹಾಗೆ ನೋಡಿದರೆ, ಎಚ್ಚರಿಕೆಯ ಮಾತು ಬಹು ಹಿಂದೆಯೇ ಬಂದಿದ್ದಿತು. ರಾಷ್ಟ್ರೀಯ ಸಾಹಿತ್ಯಕ್ಕೆ ಇನ್ನು ಹೆಚ್ಚಿನ ಅರ್ಥವಿಲ್ಲ, ವಿಶ್ವಸಾಹಿತ್ಯದ ಯುಗ ಸಮೀಪಿಸಿದೆ ಎಂದು ೧೮೨೭ರಲ್ಲಿ ತನ್ನ ಆಪ್ತ ಎಕರ್‌ಮನ್ನನಿಗೆ ಹೇಳಿದವನು ಜರ್ಮನರ ಮಹಾಕವಿ ಗಯಟೆಯೇ. ಟರ್ಕಿಯಲ್ಲಿ ಹುಟ್ಟಿ ಬೆಳೆದು, ಅನಂತರ ಜರ್ಮನ್ ಕಲಿತು ಅದರಲ್ಲಿಯೇ ಬರೆದ ಎಮಿನೆ ಸೆವ್ಗಿ ಒಝ್ದಮಾರ್ ಅವರಿಗೆ ೨೦೨೨ರಲ್ಲಿ ಬ್ಯೂಖ್ನರ್ ಪ್ರಶಸ್ತಿ ಸಂದಿತು. ಜರ್ಮನ್ ಸಾಹಿತ್ಯಲೋಕದ ಅತ್ಯುನ್ನತ ಗೌರವಗಳಲ್ಲಿ ಅದೊಂದು.

ಹಾಗಾದರೆ ನಾಡಿನ ಮಾತನ್ನೇ ತರಗತಿಯಿಂದ ಬಿಡಬೇಕೆ? ಬಿಡುವುದು ಸಾಧ್ಯವಲ್ಲ. ನಾಡಿನ ಚರಿತ್ರೆಯನ್ನರಿಯದೆ ಕೃತಿಯ ಅರ್ಥ ತೆರೆಯದು. ಆದರೆ ಆ ಅರಿವು ಕೃತಿಯನ್ನು ಬೆಳಗುವ ದೀಪವಾಗಿರಬೇಕೇ ಹೊರತು ಕವಿಯನ್ನು ತಡೆಯುವ ಬೇಲಿಯಾಗಬಾರದು. ಯಾವ ಕವಿ ನಮ್ಮವನು, ಯಾವನು ಅಲ್ಲ ಎಂದು ಪಟ್ಟಿ ಮಾಡುವ ಪ್ರತಿಯೊಬ್ಬ ಅಧ್ಯಾಪಕನೂ, ಅವನು ಯಾವ ಭಾಷೆಯವನೇ ಆಗಲಿ, ಬಾನ್ ನಗರದ ಆ ಪ್ರಾಧ್ಯಾಪಕರನ್ನು ಒಮ್ಮೆ ನೆನೆಯುವುದು ಒಳಿತು.