ಬಿಪಿ ಮೆಷಿನ್ ಅಳೆಯುವುದು ಏನನ್ನು?

ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಮನೆಯ ಬಿಪಿ ಮೆಷಿನ್ ಗುರ್ರೆಂದು ಗಾಳಿ ತುಂಬಿಕೊಂಡು, ಸ್ವಲ್ಪ ಹೊತ್ತಿನಲ್ಲೇ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡನ್ನೂ ತೋರಿಸುತ್ತದೆ. ಅವೆರಡನ್ನೂ ಅದು ನೇರವಾಗಿ ಅಳೆದಿರುವುದಿಲ್ಲ, ಲೆಕ್ಕ ಹಾಕಿರುತ್ತದೆ.

ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಕೇಳುವುದು 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕಾಫ್ ಗುರುತಿಸಿದ ಸದ್ದುಗಳನ್ನು. ಮನೆಯ ಮೆಷಿನ್ ಸದ್ದು ಕೇಳುವುದಿಲ್ಲ. ಪಟ್ಟಿ ಮೊದಲು ತೋಳಿನ ರಕ್ತನಾಳವನ್ನು ಪೂರ್ತಿ ಅದುಮುತ್ತದೆ, ಆಮೇಲೆ ಗಾಳಿಯನ್ನು ಮೆಲ್ಲಗೆ ಬಿಡುತ್ತದೆ. ಆಗ ಪ್ರತಿ ನಾಡಿಬಡಿತಕ್ಕೂ ಪಟ್ಟಿಯೊಳಗಿನ ಗಾಳಿ ಚೂರೇ ಚೂರು ಅದುರುತ್ತದೆ. ಆ ಅದುರು ಬೆಳೆಯುತ್ತಾ ಹೋಗಿ, ತುದಿ ಮುಟ್ಟಿ, ಮತ್ತೆ ಕುಗ್ಗುತ್ತದೆ. ಅತಿ ಹೆಚ್ಚು ಅದುರಿದಾಗಿನ ಒತ್ತಡವೇ ಹೆಚ್ಚುಕಡಿಮೆ ನಾಳದ ಸರಾಸರಿ ಒತ್ತಡ. ಮೇಲಿನ, ಕೆಳಗಿನ ಅಂಕಿಗಳನ್ನು ಈ ಏರಿಳಿತದ ಆಕಾರದಿಂದ ತಯಾರಕರ ಸೂತ್ರ ಊಹಿಸುತ್ತದೆ. ಸೂತ್ರ ಕಂಪನಿಗೊಂದು ತರಹ. ಆದ್ದರಿಂದ ನಿಖರತೆಯ ಪರೀಕ್ಷೆ ಗೆದ್ದ, ತೋಳಿಗೆ ಕಟ್ಟುವ ಮಾದರಿಯನ್ನೇ ಕೊಳ್ಳಬೇಕು. ಹೃದಯ ತಾಳ ತಪ್ಪಿ ಬಡಿಯುವವರಲ್ಲಿ ಈ ಲೆಕ್ಕ ಎಡವುವುದುಂಟು.

ಅದುರು ಇಷ್ಟು ಸಣ್ಣದಾಗಿರುವುದರಿಂದ ಕೈ ಅಲುಗಿದರೂ ಅಂಕಿ ಕೆಡುತ್ತದೆ. ಮಾತಾಡಿದರೆ ಬಿಪಿಯೇ ಏರುತ್ತದೆ. ಕೈ ಇಟ್ಟ ಎತ್ತರವಂತೂ ಬಹಳ ಮುಖ್ಯ: ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ಅಷ್ಟು ಎತ್ತರದ ರಕ್ತದ ಭಾರವೂ ಸೇರಿ ಅಂಕಿ ಏಳೆಂಟು ಹೆಚ್ಚುತ್ತದೆ. ಕೈಯನ್ನು ಜೋತುಬಿಟ್ಟೋ ತೊಡೆಯ ಮೇಲಿಟ್ಟೋ ನೋಡಿದರೆ ಆಗುವುದು ಇದೇ. ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಕೈ ಕೆಳಗೆ ಮೇಜೋ ದಿಂಬೋ ಕೊಟ್ಟು, ಐದು ನಿಮಿಷ ಸುಮ್ಮನೆ ಕೂತ ಮೇಲೆ ಬಂದ ಅಂಕಿಯನ್ನು ನಂಬಬಹುದು. ಕಾಫಿ, ಬೀಡಿ ಅರ್ಧ ಗಂಟೆ ಮೊದಲೇ ಮುಗಿದಿರಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಕಾಣುತ್ತದೆ.

ಒಂದೇ ಅಂಕಿ ನೋಡಿ ಗಾಬರಿಯೂ ಬೇಡ, ಸಮಾಧಾನವೂ ಬೇಡ. ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ನೋಡಿ, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯಬೇಕು. ಅದು 135/85 ದಾಟಿದರೆ ಬಿಪಿ ಹೆಚ್ಚಿದೆ ಎಂದರ್ಥ. ಆಸ್ಪತ್ರೆಯಲ್ಲಿ ಈ ಗಡಿ 140/90. ಅಲ್ಲಿನ ಅಳುಕಿಗೇ ಕೆಲವರ ಬಿಪಿ ಏರಿರುತ್ತದೆ. ಇನ್ನು ಕೆಲವರದು ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಏರಿರುತ್ತದೆ. ಅಂಥವರನ್ನು ಪತ್ತೆ ಮಾಡಲು ಮನೆಯ ಮೆಷಿನ್ ನೆರವಾಗುತ್ತದೆ.

ಎರಡು ಬಸ್ಸು ಹತ್ತಿ, ಒಂದು ದಿನದ ಕೂಲಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಬರುವವರಿಗೆ ಇದರ ಬೆಲೆ ಇನ್ನೂ ಹೆಚ್ಚು. ದಣಿದು ಬಂದವರ ಒಂದು ಅಂಕಿಗಿಂತ ವಾರದ ಅಂಕಿ ಬರೆದ ನೋಟ್‌ಬುಕ್ ನೋಡಿ ವೈದ್ಯರು ಮಾತ್ರೆ ಬದಲಿಸುವುದು ಎಷ್ಟೋ ವಾಸಿ. ಮನೆಮನೆಗೂ ಮೆಷಿನ್ ಬೇಕೆಂದೇನಿಲ್ಲ. ಒಂದು ಸ್ತ್ರೀಶಕ್ತಿ ಸಂಘ ಕೂಡಿ ಕೊಂಡರೂ ಸಾಕು ಎಂಬುದು ನನ್ನ ಅನಿಸಿಕೆ. ಆದರೆ ಮೆಮೊರಿಯಲ್ಲಿ ಎಲ್ಲರ ಅಂಕಿ ಬೆರೆತುಹೋಗಬಹುದು. ಹಾಗಾಗಿ ಪ್ರತಿಯೊಬ್ಬರಿಗೂ ಬೇರೆ ನೋಟ್‌ಬುಕ್ ಇರಲಿ. ಅಂಕಿ ಇಳಿಯಿತೆಂದು ಮಾತ್ರೆ ಬಿಡಬಾರದು, ಇಳಿಸಿದ್ದೇ ಆ ಮಾತ್ರೆ.

ಅಂಕಿ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಕೈಕಾಲಿನ ಸೋಲು ಕಂಡರೆ ಮತ್ತೆ ಅಳೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ.